ಓರೆ ಎಸಳು

ಎಸಳಿನ ಬುಡ ಕಂದುತ್ತಿದೆ ಎಂದು ಅವಳಿಗೆ ಅನ್ನಿಸಿತು. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು, ಕಂದಿರಲಿಲ್ಲ. ನೆಟ್ಟಗೆ ನಿಂತು ಸ್ವಲ್ಪ ಹಿಂದೆ ಸರಿದಳು, ಕಂದಿತ್ತು. ಬೆಳಗಿನ ಬಿಸಿಲು ಇನ್ನೂ ಹಿತ್ತಲ ಗೋಡೆ ದಾಟಿ ಇಳಿದಿರಲಿಲ್ಲ. ಜಿನ್ನಿಯಾ, ಕಾಸ್ಮಾಸ್ ಹೂಗಳೆಲ್ಲ ಅರೆನಿದ್ದೆಯಲ್ಲಿದ್ದ ಹಾಗಿದ್ದವು. ಅವುಗಳ ನಡುವೆ ಕೋಲಿಗೆ ಕಟ್ಟಿಸಿಕೊಂಡು ನಿಂತ ಬಿಳಿ ಡೇಲಿಯಾ ಮಾತ್ರ ತಟ್ಟೆಯಗಲ ಮುಖ ಮಾಡಿಕೊಂಡು, ಪೂರ್ತಿ ಎಚ್ಚರವಾಗಿ, ಅವಳನ್ನೇ ನೋಡುತ್ತಿತ್ತು. ಅದರ ಹೊರಸುತ್ತಿನಲ್ಲಿ, ಬಲಗಡೆ, ಸ್ವಲ್ಪ ಕೆಳಗೆ, ಒಂದು ಎಸಳು ಉಳಿದವುಗಳಿಗಿಂತ ಕೂದಲೆಳೆಯಷ್ಟು ಓರೆಯಾಗಿತ್ತು. ಪಕ್ಕದವರ ಮಾತಿಗೆ ಕಿವಿಗೊಟ್ಟ ಹಾಗೆ. ಹಾಗೆಂದದ್ದು ಅವಳಲ್ಲ, ಹೂಗೆಳೆಯರ ಬಳಗದ ಟೀಚರು. ನಿನ್ನೆ ಸಂಜೆ ಫೋನಿನಲ್ಲಿ, ಇಡೀ ಬಳಗದ ಪರವಾಗಿ, ನಡುವೆ ಉಸಿರೇ ತೆಗೆದುಕೊಳ್ಳದೆ ಹೇಳಿದ್ದರು. ಅದೇ ಟೀಚರು ಇವತ್ತು ಬಿಸಿಲೇರುವ ಹೊತ್ತಿಗೆ ಬಳಗದ ದರ್ಜಿಯನ್ನೂ ಕರೆದುಕೊಂಡು ಹೂವನ್ನು ಕಣ್ಣಾರೆ ನೋಡಲು ಬರುವವರಿದ್ದರು. ಆ ಎಸಳನ್ನು ಅಲ್ಲಿ ಮೇಣ ಹಚ್ಚಿ ಕೂರಿಸಿದವಳು ತಾನು ಎಂಬುದು ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಮುಂದೆ ಹೋಗಿ, ಮುಂದೆ ಹೋಗಿ, ಹಿಂದೆ ಜನ ನಿಂತಿದಾರೆ," ಎನ್ನುತ್ತ ಗಂಡ ನೀರಿನ ಪೈಪು ಎಳೆದುಕೊಂಡು ಬಂದ. ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾಗಿದ್ದರೂ ಅವನ ಮಟ್ಟಿಗೆ ಹೂವಿನ ಪಾತಿಗಳೆಲ್ಲ ತುಂಬಿ ತುಳುಕುವ ಬಸ್ಸುಗಳೇ. ಬಾಗಿದ ಕೊಂಬೆಗೆ "ಕೈ ಒಳಗಿಟ್ಕೊಳ್ಳಿ" ಅನ್ನುವನು, ಕಳೆ ಕೀಳುವಾಗ "ಟಿಕೆಟ್ ಎಲ್ಲಿ?" ಎಂದು ಕೇಳಿಯೇ ಕೀಳುವನು.

"ಇವತ್ತು ಅದಕ್ಕೆ ನೀರು ಬೇಡ ರೀ," ಎಂದಳು.

"ಯಾಕೆ, ನೆಗಡಿಯಾ?"

"ನೀವು ಪೈಪು ಹಿಡಿದ್ರೆ ಅದು ನೀರಲ್ಲ, ಹೊಡೆತ."

"ಓ, ದೊಡ್ಡವರಾಗ್ಬಿಟ್ರು ಅನ್ನು. ಬಳಗದ ಗುಂಪಲ್ಲಿ ಫೋಟೋ ಬಂದಮೇಲೆ ನಮ್ಮಂಥವರ ಕೈ ನೀರು ಹಿಡಿಸಲ್ಲ," ಎಂದು ಅವನು ಹೂವಿಗೆ ಒಂದು ಸಲಾಮು ಹೊಡೆದು ಜಿನ್ನಿಯಾ ಕಡೆ ತಿರುಗಿದ. ಆ ಸಲಾಮು ಅವಳಿಗೆ ನಾಟಿತು. ಇವನೂ ನಂಬಿದ್ದಾನಲ್ಲ.

ಅವಳು ಹಲ್ಲು ಕಟ್ಟುವವಳು. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಅಚ್ಚಿನಿಂದ ತೆಗೆದ ಪ್ಲಾಸ್ಟರ್ ದವಡೆಗಳು, ಸಣ್ಣ ಸ್ಪಿರಿಟ್ ದೀಪ, ಮೇಣದ ಹಾಳೆಗಳು, ಚೂಪು ಮೊಂಡು ಕಡ್ಡಿಗಳು. ಡಾಕ್ಟರು ರೋಗಿಯ ಬಾಯಿಯ ಅಚ್ಚು ಕಳಿಸುವರು, ಅವಳು ಹಲ್ಲು ಕೂರಿಸಿ ಕಳಿಸುವಳು; ಬಾಯಿಯ ಒಡೆಯರನ್ನು ಅವಳು ನೋಡಿದ್ದೇ ಇಲ್ಲ. ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುವುದು. ಬಿಳಿ ಎಂಬ ಬಣ್ಣ ಪ್ರಪಂಚದಲ್ಲಿ ಇಲ್ಲ ಎಂಬುದು ಅವಳಿಗೆ ಆ ಕೋಣೆ ಕಲಿಸಿದ ಪಾಠ. ಹಾಲಿನದೊಂದು, ಮೊಟ್ಟೆಯ ಚಿಪ್ಪಿನದೊಂದು, ಹಳೆಯ ಪುಸ್ತಕದ ಹಾಳೆಯದೊಂದು, ಎಲ್ಲವೂ ಬೇರೆ ಬೇರೆ, ಮತ್ತು ಮನುಷ್ಯರ ನಗೆ ಈ ಎಲ್ಲದರ ನಡುವೆ ಎಲ್ಲೋ ಇರುತ್ತದೆ. ಇನ್ನೊಂದು ಪಾಠವೂ ಇತ್ತು: ಹಲ್ಲನ್ನು ಎಂದೂ ಸಾಲಿಗೆ ಸಾಲು ನೆಟ್ಟಗೆ ಕೂರಿಸಬಾರದು. ನೆಟ್ಟಗೆ ಕೂರಿಸಿದರೆ ಸುಳ್ಳೆಂದು ದೂರದಿಂದಲೇ ಗೊತ್ತಾಗಿಬಿಡುತ್ತದೆ. ಒಂದನ್ನು ಒಂದಿಷ್ಟು ಓರೆ ಮಾಡಬೇಕು, ಒಂದರ ಅಂಚು ಸ್ವಲ್ಪ ಸವೆಸಬೇಕು, ಆಗ ಅದು ಹುಟ್ಟಿ ಬಂದದ್ದಾಗುತ್ತದೆ. ಯಾರ ಕಣ್ಣಿಗೂ ಬೀಳದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದು ಅರ್ಥ. ತಾನು ಇಷ್ಟು ವರ್ಷ ದುಡಿದದ್ದೆಲ್ಲ ಹೀಗೆ ಯಾರದೋ ತುಟಿಗಳ ಹಿಂದೆ ಅಡಗಿಕೊಂಡಿದೆ ಎಂದು ಅವಳಿಗೆ ಬೇಸರವೇನೂ ಇರಲಿಲ್ಲ. ಒಮ್ಮೆ ಮಾತ್ರ, ಅವಳಿನ್ನೂ ಚಿಕ್ಕವಳು, ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಏನೋ ನೆನೆಸಿಕೊಂಡು ಬಾಯಿ ತುಂಬ ನಕ್ಕಳು; ಮೇಲಿನ ಸಾಲಿನ ಎಡಗಡೆಯ ಹಲ್ಲಿನ ಆ ಓರೆ ಹಲ್ಲಕ್ಕನದೇ, ಹಲ್ಲಕ್ಕನ ಕೈಯದೇ. ಇಳಿಯುವ ಜಾಗ ಬಂದು ಹೋಯಿತು, ಇನ್ನೊಂದು ಬಂದು ಹೋಯಿತು, ಅವಳು ಏಳಲಿಲ್ಲ. ಎಲ್ಲಿ ಇಳೀತೀರಮ್ಮ ಎಂದು ಕಂಡಕ್ಟರ್ ಕೇಳಿದ್ದಕ್ಕೆ, ಇವರು ನಗೋದು ನಿಂತಮೇಲೆ ಎಂದು ಬಾಯಿತಪ್ಪಿ ಹೇಳಿದ್ದಳು. ಅವನು ಒಂದು ಕ್ಷಣ ಇಬ್ಬರನ್ನೂ ನೋಡಿ, ಹೆಚ್ಚಿನ ದಾರಿಗೆ ಟಿಕೆಟ್ಟಿನ ಮಾತೇ ಎತ್ತದೆ ಮುಂದೆ ಹೋಗಿದ್ದ. ಆ ಕಂಡಕ್ಟರೇ ಈಗ ಜಿನ್ನಿಯಾಗಳ ನಡುವೆ ನಿಂತು, "ಇಳಿಯೋರು ಇಳೀರಿ," ಎಂದು ಒಣಗಿದ ಹೂಗಳನ್ನು ಚಿವುಟುತ್ತಿದ್ದ.

ತೋಟ ಬೇರೆ. ತೋಟದಲ್ಲಿ ಏನನ್ನೂ ಅಡಗಿಸಬೇಕಾಗಿಲ್ಲ, ಯಾರಿಗೂ ಹೊಂದಿಸಬೇಕಾಗಿಲ್ಲ, ಬಂದದ್ದು ಬಂದ ಹಾಗೆ. ಅದಕ್ಕೇ ಅಲ್ಲವೇ ಅವಳು ಈ ಕಲ್ಲು ಹಿತ್ತಿಲನ್ನು ಬುಟ್ಟಿ ಬುಟ್ಟಿ ಮಣ್ಣು ಹೊತ್ತು ತುಂಬಿದ್ದು? ಡಾಕ್ಟರು ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಅವಳ ಕೈಗಿಟ್ಟಿದ್ದರು: "ಇದಕ್ಕೆ ಹತ್ತಿರದ್ದು ಬಿಟ್ರೆ ದೂರದ್ದು ಬರಲ್ಲ. ಪಾಪ, ಇಷ್ಟು ದಿನ ಬರೀ ಬಾಯೇ ನೋಡಿದೆ. ಇನ್ನಾದರೂ ಒಳ್ಳೇದೇನಾದ್ರೂ ತೋರ್ಸಿ." ಮೊದಮೊದಲು ಅವಳು ತೆಗೆದ ಚಿತ್ರಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಗುಲಾಬಿಯ ಎದುರು ಕೂತು, ಎದುರಿನಿಂದ ಒಂದು, ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ, ಕೆಳಗಿನಿಂದ. ಡಾಕ್ಟರಿಗೆ ಕಳಿಸಬೇಕಾದ ಬಾಯಿಯ ಚಿತ್ರಗಳ ಹಾಗೆಯೇ. "ಈ ಗುಲಾಬಿಗೆ ಏನು, ಹುಳುಕು ಹಲ್ಲಾ?" ಎಂದು ಗಂಡ ಕೇಳಿದ್ದ. ಆಮೇಲೆ ಮೆಲ್ಲಗೆ, ಯಾರೂ ಹೇಳಿಕೊಡದೆ, ಹೂವನ್ನು ಬರೀ ನೋಡುವುದು ಅವಳಿಗೆ ಬಂತು. ಕಾಸ್ಮಾಸಿನ ನೆರಿಗೆಯ ಮೇಲೆ ಇಬ್ಬನಿ ಒಣಗುವ ಮುಂಚಿನ ಗಳಿಗೆ, ಜಿನ್ನಿಯಾದ ನಡುವೆ ಹಳದಿ ಚುಕ್ಕಿಗಳು ಒಂದೊಂದೇ ಬಾಯಿ ಬಿಡುವುದು, ಇರುವೆಯೊಂದು ದಾರಿ ತಪ್ಪಿ ಎಸಳಿನ ತುದಿಗೆ ಬಂದು ಕೆಳಗೆ ಇಣುಕಿ ವಾಪಸು ಹೋಗುವುದು. ಹೊಟ್ಟೆಯ ಮೇಲೆ ಮಲಗಿ, ಗಲ್ಲಕ್ಕೆ ಮಣ್ಣು ಮೆತ್ತಿಕೊಂಡು, ಉಸಿರು ಬಿಗಿಹಿಡಿದು ಅವಳು ಇವನ್ನೆಲ್ಲ ಹಿಡಿದಳು. ಬಳಗದವರು ಮೊದಲ ಸಲ ಅವಳ ಚಿತ್ರಗಳನ್ನು ನೋಡಿ, ನೀವು ಯಾವುದಾದರೂ ಬಣ್ಣ ಗಿಣ್ಣ ತಿದ್ದುತ್ತೀರಾ ಎಂದು ಕೇಳಿದಾಗ, ಇಲ್ಲಪ್ಪ, ತಿದ್ದೋದು ಮನೆಯೊಳಗೆ, ಹೊರಗಡೆ ಏನೂ ಮುಟ್ಟಲ್ಲ ಎಂದು ಹೇಳಿದ್ದಳು. ಎಲ್ಲರೂ ನಕ್ಕಿದ್ದರು. ಅವಳಿಗೆ ಅದು ತಮಾಷೆಯ ಮಾತಾಗಿರಲಿಲ್ಲ. ಇದೊಂದಾದರೂ ಇದ್ದದ್ದು ಇದ್ದಂತೆ ಇರಲಿ ಎಂಬುದು ಅವಳು ತನಗೆ ತಾನೇ ಕೊಟ್ಟುಕೊಂಡ ಮಾತು. ನಿನ್ನೆ ಬೆಳಿಗ್ಗೆಯವರೆಗೆ ಆ ಮಾತು ಗಟ್ಟಿಯಾಗಿಯೇ ಇತ್ತು.

ನಿನ್ನೆ ಬೆಳಿಗ್ಗೆ ಆದದ್ದಾದರೂ ಎಷ್ಟು? ಈ ಬಿಳಿ ಡೇಲಿಯಾದ ಗೆಡ್ಡೆ ಮೊದಲು ನೆಟ್ಟಾಗ ಕೊಳೆತಿತ್ತು, ಇನ್ನೊಂದು ನೆಟ್ಟಾಗ ಬಸವನಹುಳು ಮೇಯ್ದಿತ್ತು. ಈ ಸಲದ್ದು ಮಾತ್ರ ಹಟ ಹಿಡಿದು ಬೆಳೆದು, ಮೊಗ್ಗಾಗಿ, ದಿನಕ್ಕೊಂದು ಸುತ್ತು ಬಿಚ್ಚಿಕೊಂಡು, ಕೊನೆಗೂ ಪೂರ್ತಿ ತೆರೆದ ಬೆಳಿಗ್ಗೆ ಅವಳು ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಹೂಡಲು ಹೋಗಿ, ತೋಳು ತಾಕಿ, ಒಂದು ಎಸಳು ಉದುರಿತು. ಸದ್ದೇ ಇಲ್ಲ. ಹೊರಸುತ್ತಿನಲ್ಲಿ ಒಂದು ಸಂದಿ. ಆಗ ಅವಳಿಗೆ ಏನೂ ಅನ್ನಿಸಲಿಲ್ಲ, ಅನ್ನಿಸುವುದಕ್ಕೆ ಪುರಸೊತ್ತೇ ಇರಲಿಲ್ಲ; ಕೈ ಎದ್ದಾಗಿತ್ತು. ಕೈ ಎಸಳನ್ನು ಎತ್ತಿಕೊಂಡಿತು, ಕೈಯೇ ಒಳಗೆ ಹೋಗಿ ದೀಪ ಹಚ್ಚಿತು, ಹಾಲುಬಣ್ಣದ ಮೇಣವನ್ನು ಕಡ್ಡಿಯ ತುದಿಗೆ ತೆಗೆದುಕೊಂಡು, ಬಿಸಿ ಹೆಚ್ಚಾಯಿತೇ ಎಂದು ಮಣಿಕಟ್ಟಿಗೆ ತಾಕಿಸಿ ನೋಡಿ, ಹದಕ್ಕೆ ಬಂದಮೇಲೆ ಎಸಳಿನ ಬುಡಕ್ಕೆ ಒಂದೇ ಒಂದು ಹನಿ ಇಟ್ಟು, ಅದನ್ನು ಅದರ ಜಾಗದಲ್ಲಿ ಕೂರಿಸಿತು. ಕೂರಿಸಿ, ಉಗುರಿನ ತುದಿಯಿಂದ ಕೂದಲೆಳೆಯಷ್ಟು ಓರೆ ಮಾಡಿತು. ಹುಟ್ಟಿ ಬಂದಂತೆ ಕಾಣಲಿ ಎಂದು. ಎಲ್ಲ ಮುಗಿದು ಚಿತ್ರ ತೆಗೆದಾದ ಮೇಲೆಯೇ ಅವಳು ಎಚ್ಚೆತ್ತದ್ದು. ಅದರದೇ ಎಸಳು ತಾನೆ ಎಂದು ಸಮಾಧಾನ ಮಾಡಿಕೊಂಡಳು. ಬಿದ್ದ ಮಗುವನ್ನು ಎತ್ತಿ ಕೂರಿಸಿದ ಹಾಗೆ. ಅಷ್ಟರಲ್ಲಿ ಗಂಡ ಕ್ಯಾಮೆರಾದಿಂದ ಚಿತ್ರವನ್ನು ತನ್ನ ಫೋನಿಗೆ ಇಳಿಸಿಕೊಂಡು ಬಳಗದ ಗುಂಪಿಗೆ ಕಳಿಸಿಯೂ ಆಗಿತ್ತು. ತಡೆಯಬಹುದಿತ್ತು. ತಡೆಯಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬರಾದ ಮೇಲೆ ಒಬ್ಬರು ಬರೆದಿದ್ದರು, ಮತ್ತು ಎಲ್ಲರೂ ಹೊಗಳಿದ್ದು ಅದೊಂದನ್ನೇ: ಆ ಓರೆ ಎಸಳು! ಅದರಿಂದಲೇ ಜೀವ ಬಂದಿದೆ! ಓದಿದಾಗ ಅವಳಿಗೆ ನಾಚಿಕೆಯಾದದ್ದು ನಿಜ. ನಾಚಿಕೆಯ ಕೆಳಗೆ ಏನೋ ಸಿಹಿಯಾಗಿದ್ದದ್ದೂ ನಿಜ. ಅದನ್ನು ನೆನೆದೇ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೂ ಮೊದಲು, ಸಂಜೆಯೇ, ಟೀಚರ ಫೋನು ಬಂದಿತ್ತು. ಗ್ರಂಥಾಲಯದ ಹಜಾರದಲ್ಲಿ ಬಳಗದ ಪ್ರದರ್ಶನ ಇದೆಯಲ್ಲ, ನಿಮ್ಮ ಚಿತ್ರ ದೊಡ್ಡದು ಮಾಡಿಸಿ ಬಾಗಿಲ ಎದುರೇ ಹಾಕೋದು ಅಂತ ಆಗಿದೆ, ಮತ್ತೆ ಆ ಗಿಡದ ಗೆಡ್ಡೆ ಒಂದು ನನಗೆ ಬೇಕೇ ಬೇಕು, ಆ ಓರೆ ಮುಂದಿನ ಸಲವೂ ಬರುತ್ತಾ ನೋಡಬೇಕು, ಬಂದರೆ ಹೊಸ ತಳಿಯೇ ಆಯ್ತು, ನಿಮ್ಮ ಹೆಸರೇ ಇಟ್ಟುಬಿಡೋಣ!

ಬಿಸಿಲು ಗೋಡೆ ಇಳಿದು, ಮೊದಲು ಕಾಸ್ಮಾಸನ್ನು, ಆಮೇಲೆ ಜಿನ್ನಿಯಾವನ್ನು ಮುಟ್ಟಿತು. ಬಿಸಿಲಿಗೂ ಮೇಣಕ್ಕೂ ಆಗಿಬರುವುದಿಲ್ಲ. ಅವಳು ಒಳಗೆ ಹೋಗಿ ದೊಡ್ಡ ಕರಿ ಕೊಡೆ ತಂದು, ಕೋಲಿಗೆ ಸೇರಿಸಿ ಕಟ್ಟಿ, ಹೂವಿನ ಮೇಲೆ ನೆರಳು ಬೀಳಿಸಿದಳು.

"ಹೂವಿಗೆ ಕೊಡೆ!" ಎಂದ ಗಂಡ. "ಇಷ್ಟು ವರ್ಷದಲ್ಲಿ ನನಗೆ ಒಂದು ದಿನ ಹಿಡಿದಿದ್ದೀಯಾ?"

"ನೀವು ಬಾಡಲ್ಲ."

"ಬಾಡಿದೀನಿ ಕಣೇ, ನೀನು ಕನ್ನಡಕ ಹಾಕ್ಕೊಂಡು ನೋಡಿಲ್ಲ ಅಷ್ಟೆ." ಅವನು ಹತ್ತಿರ ಬಂದು ಅವಳ ಮುಖವನ್ನೇ ನೋಡಿದ. "ಏನಾಯ್ತು? ಬೆಳಿಗ್ಗೆಯಿಂದ ಕೈ ಕೈ ಹಿಸುಕ್ಕೊಳ್ತಿದ್ದೀಯ. ಬರೋರು ಟೀಚರ್ ತಾನೆ, ಪರೀಕ್ಷೆ ಮಾಡೋಕೆ ಬರ್ತಿಲ್ಲವಲ್ಲ."

"ಏನಿಲ್ಲ. ಗಾಳಿ ಬಂದ್ರೆ ಅಂತ."

"ಗಾಳಿ ಬಂದ್ರೆ ಹಿಡ್ಕೊಳ್ಳೋಕೆ ಕಂಬಿ ಇದೆಯಲ್ಲ," ಎಂದು ಕೋಲನ್ನು ತಟ್ಟಿದ. ಹೂವು ನಡುಗಿತು.

ಕೋಣೆಯಲ್ಲಿ ಕೆಲಸ ಕಾಯುತ್ತಿತ್ತು. ಯಾರದೋ ಮೇಲಿನ ದವಡೆ, ಮುಂದಿನ ಒಂದು ಹಲ್ಲಿನ ಜಾಗ ಖಾಲಿ. ಅವಳು ಸ್ಟೂಲಿನ ಮೇಲೆ ಕೂತು ಅದನ್ನು ಕೈಗೆತ್ತಿಕೊಂಡಳು, ಬೆರಳು ತಾನಾಗಿಯೇ ಆ ಸಂದಿಯನ್ನು ಸವರಿತು. ಇಲ್ಲಿ ಸಂದಿ ತುಂಬುವುದು ಉಪಕಾರ, ಅಲ್ಲಿ ತುಂಬಿದ್ದು ಮೋಸ. ನಡುವೆ ಇರುವುದು ಒಂದು ಬಾಗಿಲು, ಅದೂ ಸರಿಯಾಗಿ ಮುಚ್ಚುವುದಿಲ್ಲ. ಬರುವ ಮೊದಲೇ ಹೂ ಕೊಯ್ದುಬಿಟ್ಟರೆ? ಬೆಕ್ಕು ಹಾರಿತು ಎಂದರೆ ಆಯಿತು. ಆದರೆ ಬೆಕ್ಕೇ ಇಲ್ಲ, ಅದನ್ನೂ ಎಲ್ಲಿಂದಲಾದರೂ ತರಬೇಕು. ಅವಳಿಗೆ ನಗು ಬಂತು. ಕೊಯ್ಯದೆ, ಹೇಳದೆ ಸುಮ್ಮನಿದ್ದರೆ? ಟೀಚರು ಗೆಡ್ಡೆ ಒಯ್ದು ನೆಟ್ಟು, ನೀರೆರೆದು, ಮೊಗ್ಗು ಬಂದಾಗ ದಿನಾ ಬೆಳಿಗ್ಗೆ ಹೋಗಿ ಇಣುಕುತ್ತಾರೆ. ಓರೆ ಬಂತಾ? ಬಂದಿಲ್ಲ. ಇನ್ನೊಂದು ಮೊಗ್ಗು. ಬಂದಿಲ್ಲ. ತನ್ನ ಕೈಯಲ್ಲಿ ಏನೋ ತಪ್ಪಿರಬೇಕು, ಮಣ್ಣು ಸರಿಯಿಲ್ಲವೇನೋ, ಪ್ರೀತಿ ಸಾಲದೇನೋ ಎಂದು ಆ ಒಳ್ಳೆಯ ಹೆಂಗಸು ಕೊರಗುವುದು ಅವಳ ಕಣ್ಣಿಗೆ ಕಟ್ಟಿತು. ಬೀಜದ ಪೊಟ್ಟಣದ ಮೇಲೆ ಸಣ್ಣ ಅಕ್ಷರ ಓದಲಾಗದೆ ತಾನು ಅಂಗಡಿಯಲ್ಲಿ ನಿಂತಿದ್ದಾಗ, ಕೇಳದೆಯೇ ಪಕ್ಕಕ್ಕೆ ಬಂದು, ತಮಗೇ ಓದಿಕೊಳ್ಳುವವರ ಹಾಗೆ ಗಟ್ಟಿಯಾಗಿ ಓದಿ ಉಪಕಾರ ಮಾಡಿ, ಬಳಗಕ್ಕೆ ಕರೆದವರು ಅವರೇ. ಅಂಥವರಿಗೆ ಬಾರದ ಹೂವಿನ ಗೆಡ್ಡೆ ಕಟ್ಟಿ ಕೊಡುವುದೇ? ಆದರೆ ಹೇಳಿದರೆ... ಹಜಾರದ ಬಾಗಿಲ ಎದುರಿನ ಗೋಡೆ ಖಾಲಿ. ಅದು ಹೋಗಲಿ. ಮುಂದೆ ತೆಗೆದ ಪ್ರತಿ ಚಿತ್ರವನ್ನೂ ಬಳಗದವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ: ಇದರಲ್ಲಿ ಎಷ್ಟು ನಿಜ, ಎಷ್ಟು ಹಲ್ಲಕ್ಕನ ಕೈಚಳಕ? ಇಬ್ಬನಿ ಪಿಚಕಾರಿಯದೋ? ಇರುವೆ ಸಾಕಿದ್ದೋ? ಪ್ಲಾಸ್ಟರ್ ದವಡೆ ಅವಳ ಅಂಗೈಯಲ್ಲಿ ಬೆಚ್ಚಗಾಗಿತ್ತು. ಹೊರಗೆ ಗೇಟಿನ ಸದ್ದಾಯಿತು. "ಬನ್ನಿ, ಬನ್ನಿ, ಮೆಟ್ಟಿಲು ನೋಡ್ಕೊಂಡು," ಎಂಬ ಗಂಡನ ದನಿಯೂ.

ಟೀಚರು ಎಂದಿನಂತೆ ಮಾತಿನ ನಡುವೆಯೇ ಒಳಗೆ ಬಂದರು. ಕೈಯಲ್ಲಿ ಗೆಡ್ಡೆ ಒಯ್ಯಲು ಒಂದು ಖಾಲಿ ಚೀಲ, ಅದರ ತಳಕ್ಕೆ ಒದ್ದೆ ಬಟ್ಟೆ ಹಾಸಿಕೊಂಡೇ ಬಂದಿದ್ದರು. ಹಿಂದೆ ದರ್ಜಿ, ಒಣಕಲು ಮನುಷ್ಯ, ಕೊರಳಲ್ಲಿ ಅಳತೆಯ ಟೇಪು ಮರೆತು ಹಾಗೇ ಬಂದಿದ್ದ. ಬಳಗದಲ್ಲಿ ಅವನು ಗುಲಾಬಿಯ ಮನುಷ್ಯ. ಮಾತು ಕಡಿಮೆ, ಆಡಿದರೆ ಕತ್ತರಿಸಿದಂತೆ.

"ಟೇಪು ತಂದಿದಾರೆ, ಹೂವಿಗೆ ಅಂಗಿ ಹೊಲೀತಾರಂತೆ," ಎಂದ ಗಂಡ.

"ಹೊಲೀತೀನಿ. ಬಟ್ಟೆ ನಿಮ್ದು," ಎಂದ ದರ್ಜಿ.

"ಎಲ್ಲಿ, ಎಲ್ಲಿ ನನ್ನ ಕಿವಿಗೊಟ್ಟ ಎಸಳು?" ಟೀಚರು ಪಾತಿಗಳ ನಡುವೆ ತುದಿಗಾಲಲ್ಲಿ ನಡೆದರು. "ಅಯ್ಯೋ, ಕೊಡೆ ಬೇರೆ ಹಿಡಿಸಿದೀರಾ! ನೋಡಿ, ನೋಡಿ ಕಲೀರಿ," ಎಂದು ದರ್ಜಿಗೆ ಹೇಳಿದರು, "ನೀವು ನಿಮ್ಮ ಗುಲಾಬಿನ ಬಿಸಿಲಲ್ಲಿ ಒಣಗಿಸ್ತೀರ, ಉಪ್ಪಿಗೆ ಹಾಕಿದ ಹಾಗೆ." ಹೂವಿನ ಮುಂದೆ ಬಂದವರು ಥಟ್ಟನೆ ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದನ್ನು ಹಲ್ಲಕ್ಕ ಅದೇ ಮೊದಲು ಕಂಡದ್ದು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಪ್ಪಿತಪ್ಪಿಯೂ ಮುಟ್ಟಬಾರದೆಂದು, ಮಗುವಿನ ತೊಟ್ಟಿಲಿಗೆ ಬಗ್ಗುವವರ ಹಾಗೆ ಬಗ್ಗಿದರು. ಆ ಕಟ್ಟಿದ ಕೈಗಳನ್ನು ಕಂಡು ಹಲ್ಲಕ್ಕನಿಗೆ ತಡೆಯಲಾಗಲಿಲ್ಲ. ಮುಟ್ಟಿದವಳು ತಾನು, ಮುಟ್ಟಬಾರದೆಂದು ಕೈ ಕಟ್ಟಿಕೊಂಡವರು ಇವರು.

"ಟೀಚರೇ, ಆ ಎಸಳು ಗಿಡದ್ದಲ್ಲ," ಎಂದಳು.

"ಅಂದ್ರೆ?"

"ಅಂದ್ರೆ ಗಿಡದ್ದೇ. ಉದುರಿತ್ತು. ನನ್ನ ತೋಳೇ ತಾಕಿ. ನಾನು ಅದನ್ನ ತಿರುಗಿ ಕಟ್ಟಿದೆ. ಹಲ್ಲು ಕಟ್ಟೋ ಹಾಗೆ." ಹೇಳುವುದಕ್ಕಿಂತ ತೋರಿಸುವುದೇ ವಾಸಿ ಎಂದು ಅವಳು ಬಗ್ಗಿ, ಎರಡು ಬೆರಳಲ್ಲಿ ಎಸಳನ್ನು ಹಿಡಿದು ಎಳೆದಳು. ಅದು ಬಂತು, ಬುಡದಲ್ಲಿ ಹಾಲುಬಣ್ಣದ ಸಣ್ಣ ಮಣಿಯೊಂದಿಗೆ. ಹೊರಸುತ್ತಿನಲ್ಲಿ ಸಂದಿ ಬಿತ್ತು.

ಗಂಡನ ಕೈಯ ಪೈಪಿನಿಂದ ನೀರು ಒಂದೇ ಜಾಗಕ್ಕೆ ಬೀಳುತ್ತಿತ್ತು. ಟೀಚರು ಎಸಳನ್ನು ನೋಡಿದರು, ಸಂದಿಯನ್ನು ನೋಡಿದರು, ಕೈಯ ಚೀಲವನ್ನೂ ಒಮ್ಮೆ ನೋಡಿಕೊಂಡರು. ಮುಖದ ಮೇಲಿನ ಬೆಳಕು ನಿಜವಾಗಿಯೇ ಇಳಿಯಿತು. ಅದನ್ನು ಅಡಗಿಸಲು ಅವರಿಗೆ ಬಾರದು. ಹಲ್ಲಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹಾಗಾದ್ರೆ ಆ ಓರೆ?" ಎಂದು ಕೇಳಿದರು, ಕೊನೆಯ ಆಸೆಯನ್ನು ಹಿಡಿದುಕೊಂಡವರಂತೆ. "ಉದುರೋಕೆ ಮುಂಚೆ ಓರೆಯಾಗೇ ಇತ್ತಾ?"

"ಇಲ್ಲ. ನೆಟ್ಟಗಿತ್ತು, ಉಳಿದವುಗಳ ಹಾಗೆ. ಗೆಡ್ಡೆ ಹಾಕಿದ್ರೆ ಅದು ಬರಲ್ಲ. ಓರೆ ನಂದು."

ನಂದು ಎಂದದ್ದು ತಪ್ಪೊಪ್ಪಿಗೆಯಾಗಬೇಕಿತ್ತು. ಆದರೆ ಬಾಯಿಂದ ಹೊರಬಂದ ಮೇಲೆ ಅದರ ದನಿ ಬೇರೆಯೇ ಇತ್ತು, ಮನೆ ಯಾರದು ಎಂದು ಕೇಳಿದವರಿಗೆ ಹೇಳುವ ಹಾಗೆ. ಅವಳೇ ಬೆಚ್ಚಿದಳು.

ದರ್ಜಿ ಅಂಗೈ ಚಾಚಿದ. ಕೊಡಿ ಎನ್ನಲಿಲ್ಲ, ಬರೀ ಚಾಚಿದ. ಅವಳು ಎಸಳನ್ನು ಅದರ ಮೇಲಿಟ್ಟಳು. ಅವನು ಅದರ ಮುಂಭಾಗವನ್ನು ನೋಡಲೇ ಇಲ್ಲ. ನಾಜೂಕಾಗಿ ಮಗುಚಿ, ಕಣ್ಣಿನ ಹತ್ತಿರ ತಂದು, ಹಿಂಬದಿಯನ್ನು ನೋಡಿದ. ಅಂಗಿ ಕೊಳ್ಳುವವರು ಮುಂದೆ ನೋಡುತ್ತಾರೆ, ಹೊಲಿಯುವವರು ಹಿಂದೆ. ಮೇಣದ ಮಣಿಯನ್ನು ಹೆಬ್ಬೆರಳಿನಿಂದ ಸವರಿ, ಅದು ಎಸಳಿನ ನರ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿಗೇ ಮುಗಿದದ್ದನ್ನು ಕಂಡುಕೊಂಡ.

"ಹೊಲಿಗೆ ಎಲ್ಲಿ?" ಎಂದ.

"ಅದೇ, ಅಲ್ಲೇ."

"ಕಾಣಲ್ಲವಲ್ಲ."

"ಕಾಣಬಾರದಲ್ಲ," ಎಂದಳು. ಆಮೇಲೆ ಅವಳಿಗೆ ಏನಾಯಿತೋ, ಪಕ್ಕಕ್ಕೆ ಹೋಗಿ ಅವನ ಅಂಗೈಯ ಮೇಲೆ ಬಗ್ಗಿ ಬೆರಳಿಟ್ಟಳು. "ಇಲ್ಲಿ ನೋಡಿ, ಈ ಕಡೆ ಒಂದು ಚೂರು ಹೆಚ್ಚಾಗಿದೆ. ಬಿಸಿ ಜಾಸ್ತಿಯಾಯ್ತು ಅಂತ ಹೆದರಿ ಕೈ ಬೇಗ ತೆಗೆದೆ. ತಾಳಿದ್ದರೆ ಇದೂ ಬರ್ತಿರಲಿಲ್ಲ. ಮೇಣ ತೊಟ್ಟಿಕ್ಕೋ ಹಾಗಿರಬಾರದು, ಗಟ್ಟಿಯಾಗೂ ಇರಬಾರದು, ನಡುವೆ ಒಂದು ಗಳಿಗೆ ಇದೆ, ಅದು ಮಣಿಕಟ್ಟಿಗೆ ಗೊತ್ತಾಗುತ್ತೆ..." ಅವಳು ಹೇಳುತ್ತಲೇ ಹೋದಳು. ಬಿಳಿಯೊಳಗಿನ ಬಿಳಿಗಳ ಬಗ್ಗೆ, ಈ ಎಸಳಿನ ಬುಡದಲ್ಲಿ ಹಸಿರು ಇದೆ, ತುದಿಯಲ್ಲಿ ಚೂರೇ ಚೂರು ನೀಲಿ ಇದೆ, ಅದಕ್ಕೇ ಆ ಮೇಣವನ್ನೇ ಆರಿಸಿದ್ದು ಎಂದು. ನೆಟ್ಟಗೆ ಕೂರಿಸಿದ್ದು ಯಾಕೆ ಸುಳ್ಳಾಗಿ ಕಾಣುತ್ತದೆ, ಓರೆ ಮಾಡಿದ್ದು ಯಾಕೆ ನಿಜವಾಗುತ್ತದೆ ಎಂದು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಕೇಳದ ಹಾಗೆ ಮಾಡುವುದೇ ಅವಳ ಕೆಲಸವಾಗಿತ್ತು. ದರ್ಜಿ ನಡುನಡುವೆ "ಹೂಂ" ಎನ್ನುತ್ತ, ಒಮ್ಮೆ "ಕಾಲರೂ ಹಾಗೇ" ಎಂದ. ಗಂಡ ಪೈಪು ಕೆಳಗಿಟ್ಟು, ತನ್ನ ಮನೆಯಲ್ಲೇ ಯಾರೋ ಹೊಸಬರು ಮಾತಾಡುವುದನ್ನು ಕೇಳುವವನ ಹಾಗೆ ನಿಂತುಬಿಟ್ಟಿದ್ದ.

"ಅಲ್ಲ ರೀ," ಎಂದು ಟೀಚರು ಕೊನೆಗೆ ಬಾಯಿಬಿಟ್ಟರು, "ನನಗೆ ಈಗ ಬೈಬೇಕೋ ನಗಬೇಕೋ ಗೊತ್ತಾಗ್ತಿಲ್ಲ. ರಾತ್ರಿಯೆಲ್ಲ ಆ ಎಸಳಿಗೆ ಕಾರಣ ಹುಡುಕ್ತಾ ಇದ್ದೆ. ಗಾಳಿ ಇರಬಹುದು, ಬೆಳಕಿನ ಕಡೆ ತಿರುಗಿರಬಹುದು, ಗೆಡ್ಡೆಯ ಗುಣ ಇರಬಹುದು. ಹಲ್ಲು ಇರಬಹುದು ಅಂತ ಹೊಳೀಲೇ ಇಲ್ಲ!" ಎಂದವರೇ ನಗತೊಡಗಿದರು. ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ಟೀಚರಾದರು. "ಆದ್ರೆ ತಾನಾಗೇ ಹಾಗೆ ಬೆಳೆದ ಹೂವು ಅಂತ ಅದನ್ನ ಗೋಡೆ ಮೇಲೆ ಹಾಕೋಕಾಗಲ್ಲ. ಬಳಗಕ್ಕೆ ಹೇಳಲೇಬೇಕು."

"ಹಾಕಬೇಡಿ," ಎಂದಳು ಹಲ್ಲಕ್ಕ. ನಿಜವಾಗಿಯೂ ಬೇಡವಾಗಿತ್ತು. ಹಸಿವು ಕಾಣಿಸಿಕೊಂಡಿತ್ತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು.

"ಹಾಕಿ," ಎಂದ ದರ್ಜಿ.

"ಹೇಗಪ್ಪ?"

"ಹೂ ಗಿಡದ್ದು, ಓರೆ ಇವರದ್ದು. ಹಾಗೇ ಬರೀರಿ ಕೆಳಗೆ."

ಟೀಚರು ಅವನನ್ನು ದಿಟ್ಟಿಸಿದರು. ಇಷ್ಟು ಉದ್ದದ ಮಾತು ಅವನಿಂದ ಬಂದದ್ದೇ ಅಪರೂಪವೆಂದೋ ಏನೋ, ಅದನ್ನು ಮನಸ್ಸಿನೊಳಗೇ ಒಮ್ಮೆ ಓದಿಕೊಂಡರು. "ಹೂ ಗಿಡದ್ದು," ಎಂದು ಗೊಣಗಿದರು. "ಹಾಗೆ ಹಾಕೋದಾದ್ರೆ ಪಕ್ಕದಲ್ಲಿ ಇನ್ನೊಂದೂ ಬೇಕು. ಈಗಿರೋದು, ಸಂದಿ ಸಮೇತ. ತೆಗೀರಿ ಒಂದು. ಎರಡೂ ಪಕ್ಕಪಕ್ಕ ಹಾಕೋಣ, ನೋಡೋರು ನೋಡ್ಕೊಳ್ಳಲಿ. ಆಮೇಲೆ, ಗೆಡ್ಡೆ ನನಗೆ ಹೇಗೂ ಬೇಕು, ಚೀಲ ಬೇರೆ ಒದ್ದೆ ಮಾಡ್ಕೊಂಡು ಬಂದಿದೀನಿ. ನೆಟ್ಟಗಿರೋ ಎಸಳೇ ಬರಲಿ ಬಿಡಿ."

"ಗಿಡ ಬಾಡಿದ ಮೇಲೆ ತೆಗೀಬೇಕು ಟೀಚರೇ, ಈಗ ತೆಗೆಯೋ ಹಾಗಿಲ್ಲ."

"ಗೊತ್ತು ಕಣಮ್ಮ. ಆಸೆಗೆ ಗೊತ್ತಾಗಬೇಕಲ್ಲ."

ಗಂಡ ಕೊಡೆ ಬಿಚ್ಚಿ ತೆಗೆದ. "ಸೂರ್ಯನ ಬಸ್ಸು ಬಂತು, ಹತ್ತೋರು ಹತ್ತಿ," ಎಂದ. ಬಿಸಿಲು ಹೂವಿನ ಮೇಲೆ ಪೂರ್ತಿ ಬಿತ್ತು. ಅವಳು ಕ್ಯಾಮೆರಾ ತಂದು, ನೆಲದ ಮೇಲೆ ಗೋಣಿ ಹಾಸಿ, ಹೊಟ್ಟೆಯ ಮೇಲೆ ಮಲಗಿದಳು. ಮಲಗುವಾಗ ಮೊಣಕಾಲು ನೋವೆಂದು ಗೊಣಗಿದ್ದಕ್ಕೆ ದರ್ಜಿ ತನ್ನ ಕೈಚೌಕವನ್ನು ಮಡಿಸಿ, ಏನೂ ಹೇಳದೆ, ಮೊಣಕಾಲಿನ ಕೆಳಗೆ ಸರಿಸಿದ. ಗಾಜಿನೊಳಗೆ ಹೂವು ಮೊದಲು ಬಿಳಿಯ ಮಂಜಾಗಿ, ಆಮೇಲೆ ಎಸಳೆಸಳಾಗಿ ಬಂತು. ಸಂದಿ ಬಂತು. ಅವಳ ಬಲಗೈಗೆ ನವೆಯಾಯಿತು. ಈಗಲೂ ಅಲ್ಲಿ ಏನಾದರೂ ಕೂರಿಸೋಣ ಎಂದು ಅದು ಕೇಳುತ್ತಿತ್ತು. ಸುಮ್ಮನಿರು ಎಂದು ಅದನ್ನು ಕ್ಯಾಮೆರಾದ ಗುಂಡಿಯ ಮೇಲಿಟ್ಟಳು. ಹಲ್ಲು ಬಿದ್ದ ಜಾಗವನ್ನು ಅವಳು ಇಷ್ಟು ವರ್ಷ ತುಂಬಬೇಕಾದ ಜಾಗವೆಂದು ಮಾತ್ರ ನೋಡಿದ್ದಳು, ಅದರ ಮೂಲಕ ಆಚೆ ನೋಡಿರಲಿಲ್ಲ. ಆಚೆ, ಬಿಸಿಲಲ್ಲಿ, ಏನೋ ಮಸುಕಾಗಿ ಕದಲಿತು. ಟೀಚರ ಚಪ್ಪಲಿ, ಅದರ ಪಕ್ಕ ದರ್ಜಿಯ ಒಣಕಲು ಕಾಲು, ಅದಕ್ಕೂ ಆಚೆ ಗಂಡನ ಒದ್ದೆ ಪಾದಗಳು, ಎಲ್ಲ ಆ ಪುಟ್ಟ ಸಂದಿಯೊಳಗೆ ಒತ್ತೊತ್ತಾಗಿ ನಿಂತಿದ್ದವು.

"ನಾವು ಅಡ್ಡ ಇದೀವಾ?" ಎಂದು ಟೀಚರು ಕೇಳಿದರು.

ಪಕ್ಕಕ್ಕೆ ಸರಿಯಿರಿ ಎನ್ನಬೇಕಿತ್ತು. ಅವಳ ಚಿತ್ರಗಳಲ್ಲಿ ಎಂದೂ ಮನುಷ್ಯರು ಬಂದಿರಲಿಲ್ಲ.

"ಇಲ್ಲ," ಎಂದಳು. "ಹಾಗೇ ಇರಿ." ಉಸಿರು ಹಿಡಿದು ಗುಂಡಿ ಒತ್ತಿದಳು.